ಬಣ್ಣ ಬಿಟ್ಟೆ, ಕಂಕುಳು ಅಳೆದೆ: ಲೇಯರಿಂಗ್ ಕೊನೆಗೂ ಕೂತಿತು

"ಎರಡು ಅಂಗಿ ಒಟ್ಟಿಗೆ ಹಾಕ್ಕೊಂಡರೆ ಮೂಟೆ ಥರ ಕಾಣ್ತೀಯ ಕಣೇ" ಅಂತ ಅಕ್ಕ ಎರಡು ವರ್ಷ ಹೇಳುತ್ತಲೇ ಇದ್ದಳು. ಹೋದ ತಿಂಗಳು ಅವಳೇ ನನ್ನ ಬೂದು ಕಾರ್ಡಿಗನ್ ಮುಟ್ಟಿ ನೋಡಿ, "ಇದ್ಯಾವಾಗ ತಗೊಂಡೆ?" ಅಂತ ಕೇಳಿದಳು. ಅದಕ್ಕೆ ಏಳು ವರ್ಷ ಆಯ್ತು. ಅವಳ ಕಣ್ಣೆದುರೇ ನೂರು ಸಲ ಹಾಕಿದ್ದೇನೆ. ಆವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ನಾನೂ ಮೊದಲು ಎಲ್ಲರ ಹಾಗೆ ಬಣ್ಣದ ಹಿಂದೆ ಬಿದ್ದೆ. ತಿಳಿ ಬಣ್ಣ ಒಳಗೆ, ಗಾಢ ಬಣ್ಣ ಹೊರಗೆ, ಒಂದೇ ಬಣ್ಣದ ಮೂರು ಛಾಯೆ, ಎಲ್ಲ ಮಾಡಿ ನೋಡಿದೆ. ಕನ್ನಡಿ ಮುಂದೆ ಚೆನ್ನಾಗೇ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೆಟ್ಟು ಹೋಗುತ್ತಿತ್ತು. ಬಟ್ಟೆಯೇ ಸರಿಯಿಲ್ಲ ಅಂದುಕೊಂಡು ಲೇಯರಿಂಗ್‌ಗೆಂದೇ, ಅಂದರೆ ಒಂದರ ಮೇಲೊಂದು ಹಾಕಲೆಂದೇ, ಐದು ಬಟ್ಟೆ ಕೊಂಡೆ. ಸಂಬಳದ ಹೆಚ್ಚುಕಮ್ಮಿ ಕಾಲು ಭಾಗ ಅದಕ್ಕೇ ಹೋಯಿತು. ಐದರಲ್ಲಿ ಇವತ್ತಿಗೂ ಹಾಕುವುದು ಒಂದೇ ಒಂದು, ತೆಳ್ಳನೆಯ ತುಂಬು ತೋಳಿನ ಟೀ ಶರ್ಟು. ಉಳಿದ ನಾಲ್ಕನ್ನು ಬೇರೆಯವರಿಗೆ ಕೊಟ್ಟೆ. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಒಂದು ದಿನವಂತೂ ಮರೆಯೋಕಾಗಲ್ಲ. ನೀಲಿ ಹತ್ತಿ ಶರ್ಟಿನ ಮೇಲೆ ಸ್ವೆಟರ್ ಹಾಕಿದ್ದೆ. ಶರ್ಟಿನ ತೋಳು ಒಳಗೇ ಸುತ್ತಿಕೊಂಡು ಮೊಣಕೈ ಮೇಲೆ ಉಂಡೆ ಕಟ್ಟಿತ್ತು. ಹತ್ತು ನಿಮಿಷಕ್ಕೊಮ್ಮೆ ಕಫ್ ಎಳೆಯುವುದೇ ಕೆಲಸ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಎರಡೂ ಒಟ್ಟಿಗೆ ಸೊಂಟದಿಂದ ಮೇಲೇರಿದವು. ಸ್ವೆಟರ್ ಬಿಚ್ಚೋಣ ಅಂದರೆ ಒಳಗಿನ ಶರ್ಟು ಪೂರ್ತಿ ಸುಕ್ಕು.

ಆ ರಾತ್ರಿ ಎರಡನ್ನೂ ಮಂಚದ ಮೇಲೆ ಹರಡಿ, ಭುಜದ ಹೊಲಿಗೆಗೆ ಭುಜದ ಹೊಲಿಗೆ ಕೂಡಿಸಿ ಇಟ್ಟೆ. ಆಗ ಕಂಡಿತು. ಶರ್ಟಿನ ಕಂಕುಳು ಸ್ವೆಟರಿನ ಕಂಕುಳಿಗಿಂತ ಒಂದಿಂಚು ಕೆಳಗಿತ್ತು. ಆ ಒಂದಿಂಚು ಬಟ್ಟೆಗೆ ಒಳಗೆ ಜಾಗವೇ ಇಲ್ಲ. ಮುದುಡದೆ ಇನ್ನೇನು ಮಾಡುತ್ತೆ?

ಮುಂದಿನ ಭಾನುವಾರ ಟೇಪು ಹಿಡಿದು ಕೂತೆ. ಬೀರುವಿನಲ್ಲಿ ಮೇಲುಡುಪುಗಳೇ ಸುಮಾರು 43 ಇದ್ದವು. ಭುಜದ ಹೊಲಿಗೆಯಿಂದ ಕಂಕುಳಿನ ಹೊಲಿಗೆವರೆಗೆ ನೇರ ಅಳತೆ, ಅಷ್ಟೇ. ಟೀ ಶರ್ಟುಗಳು ಏಳೂವರೆ ಇಂಚಿನ ಆಸುಪಾಸು, ಶರ್ಟುಗಳು ಎಂಟೂವರೆಯಿಂದ ಒಂಬತ್ತೂವರೆ, ಹೆಚ್ಚಿನ ಜಾಕೆಟ್ಟುಗಳು ಹತ್ತರ ಹತ್ತಿರ ಬಂದವು. ಕಾಗದದ ಟೇಪಿನ ಚೂರಿನ ಮೇಲೆ ಸಂಖ್ಯೆ ಬರೆದು ಹ್ಯಾಂಗರ್ ಕೊಕ್ಕೆಗೆ ಅಂಟಿಸಿದೆ. ಚಿಕ್ಕ ಸಂಖ್ಯೆ ಒಳಗೆ, ದೊಡ್ಡದು ಹೊರಗೆ, ನಡುವೆ ಅರ್ಧ ಇಂಚಾದರೂ ಅಂತರ. ಎಳೆದರೆ ಹಿಗ್ಗುವ ಹೆಣೆದ ಬಟ್ಟೆಗೆ ಕಾಲಿಂಚು ಸಾಕು. ಒಳಗಿನದು ತೋಳಿಲ್ಲದ್ದಾದರೆ ಈ ಲೆಕ್ಕವೇ ಬೇಡ.

ಆ ನೀಲಿ ಶರ್ಟು ಒಂಬತ್ತೂವರೆ, ಸ್ವೆಟರ್ ಎಂಟೂವರೆ. ಅಂದರೆ ಇಷ್ಟು ವರ್ಷ ತಲೆಕೆಳಗಾಗಿ ಹಾಕುತ್ತಿದ್ದೆ! ಸ್ವೆಟರ್ ತೆಳ್ಳಗಿತ್ತು. ಅದನ್ನು ಒಳಗೆ ಹಾಕಿ, ಶರ್ಟನ್ನು ಗುಂಡಿ ಬಿಚ್ಚಿ ಮೇಲೆ ಜಾಕೆಟ್ ಥರ ಹಾಕಿದೆ. ತೋಳು ಎರಡು ಮಡಿಕೆ ಮೇಲಕ್ಕೆ, ಅದರ ಕೆಳಗೆ ಸ್ವೆಟರಿನ ಅಂಚು. ದಿನವಿಡೀ ಒಂದು ಸಲವೂ ಎಳೆದು ಸರಿ ಮಾಡಲಿಲ್ಲ. ಆಫೀಸಿನಲ್ಲಿ ಇಬ್ಬರು ಹೊಸ ಜಾಕೆಟ್ಟಾ ಅಂತ ಕೇಳಿದರು.

ಕೆಳ ಅಂಚಿನ ವಿಷಯ ನಿಮಗೆಲ್ಲ ಗೊತ್ತಿರುವುದೇ. ಒಳಗಿನದು ಕಂಡರೆ ಒಂದೂವರೆ ಎರಡಿಂಚು ಕಾಣಬೇಕು, ಇಲ್ಲವೇ ಕಾಣಲೇಬಾರದು. ಅರ್ಧ ಇಂಚು ಇಣುಕಿದರೆ ಮರೆತು ಬಿಟ್ಟಂತೆ ಇರುತ್ತದೆ. ಬಟ್ಟೆಯ ಮೈಯಲ್ಲಿ ಮಾತ್ರ ನಾನು ಏಟು ತಿಂದಿದ್ದೇನೆ. ಫ್ಲಾನೆಲ್ ಮೇಲೆ ಉಣ್ಣೆ ಹಾಕಿದರೆ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಪಾಲಿಯೆಸ್ಟರ್ ಮೇಲೆ ಉಣ್ಣೆ ಹಾಕಿದರೆ ಒಣ ಹವೆಯಲ್ಲಿ ಚಟಚಟ ಅಂದು ಮೈಗೆ ಅಂಟುತ್ತದೆ. ನುಣುಪಾದ ಹತ್ತಿ ಒಳಗಿದ್ದರೆ ಈ ತಾಪತ್ರಯ ತುಂಬಾ ಕಡಿಮೆ.

ನಡುವೆ ಬೇರೆ ಪ್ರಯೋಗಗಳೂ ಆದವು. ತೋಳು ಹರಿದ ಹಳೆ ಬಿಳಿ ಶರ್ಟಿನ ಕಾಲರ್ ಮತ್ತು ಎದೆಭಾಗ ಮಾತ್ರ ಉಳಿಸಿ ಕತ್ತರಿಸಿದೆ. ಸ್ವೆಟರ್ ಒಳಗೆ ಹಾಕಲು ಅದಕ್ಕಿಂತ ಹಗುರವಾದದ್ದು ಇಲ್ಲ. ಮೊದಲ ದಿನ ಜರುಗಿ ಕುತ್ತಿಗೆಗೆ ಬಂತು. ಎರಡು ಪಕ್ಕಕ್ಕೂ ಎಲಾಸ್ಟಿಕ್ ಹೊಲಿದ ಮೇಲೆ ಕೂತಿತು. ಸೆಖೆಯಾದರೂ ಸ್ವೆಟರ್ ಬಿಚ್ಚುವ ಹಾಗಿಲ್ಲ, ಅದು ನೆನಪಿರಲಿ. ಎದೆಯ ಬಳಿ ಮಾಸಿದ್ದ ಒಂದು ಉದ್ದ ಫ್ರಾಕಿನ ಮೇಲೆ ಗಿಡ್ಡ ಸ್ವೆಟರ್ ಹಾಕಿದೆ, ಒಳ್ಳೆ ಸ್ಕರ್ಟ್ ಸಿಕ್ಕಿತು. ಕಾರ್ಡಿಗನ್ ಮೇಲೆ ಬೆಲ್ಟ್ ಮಾತ್ರ ನನಗೆ ಆಗಿಬರಲಿಲ್ಲ. ಮೂರು ಸಲ ನೋಡಿ ಬಿಟ್ಟೆ.

ಟೈಲರ್ ಹತ್ತಿರ ಎರಡು ಶರ್ಟು ಪಕ್ಕ ಹಿಡಿಸಿದೆ. ಹೊಸ ಜಾಕೆಟ್ಟಿಗೆ ಕೊಡುವ ದುಡ್ಡಿನಲ್ಲಿ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಜಾಕೆಟ್ಟಿನ ಆರ್ಮ್‌ಹೋಲ್, ಅಂದರೆ ತೋಳು ಕೂಡಿಸುವ ಕಂಡಿ, ದೊಡ್ಡದು ಮಾಡಿಸಲು ಮಾತ್ರ ಹೋಗಬೇಡಿ. ಅದಕ್ಕೆ ಹೊಂದುವಷ್ಟು ಬಟ್ಟೆ ತೋಳಿನ ಹೊಲಿಗೆಯೊಳಗೆ ಸಾಮಾನ್ಯವಾಗಿ ಬಿಟ್ಟಿರುವುದಿಲ್ಲ.

ಗುಂಡು ಕುತ್ತಿಗೆಯ ಸ್ವೆಟರ್ ಒಳಗೆ ಕಾಲರ್ ಸಂಜೆವರೆಗೂ ನೆಟ್ಟಗೆ ನಿಲ್ಲುವುದು ಹೇಗೆ ಅಂತ ಸುಮಾರು ಜನ ಕೇಳಿದ್ದಾರೆ. ಅದಕ್ಕೊಂದು ಸಣ್ಣ ಉಪಾಯ ಇದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಒಳಗೆ ಆರು, ನಡುವೆ ಐದು, ಹೊರಗೆ ನಾಲ್ಕು ಅಂತ ಆರಿಸಿದರೆ ಲೆಕ್ಕಕ್ಕೆ 120 ಜೋಡಣೆ. ನಿಜಕ್ಕೂ ಹಾಕುವಂಥದ್ದು 35 ಇರಬಹುದು. ನನಗೆ ಅದೇ ಜಾಸ್ತಿ. ಮೊದಲು ಹನ್ನೆರಡೇ ಬಟ್ಟೆ ತಿರುಗಿಸಿ ತಿರುಗಿಸಿ ಹಾಕುತ್ತಿದ್ದೆ, ಈಗ ಮೂವತ್ತರ ಮೇಲೆ ಹೊರಬಂದಿವೆ. ಒಂದು ವರ್ಷದಿಂದ ಮೇಲುಡುಪಿಗೆ ದುಡ್ಡು ಹಾಕಿಲ್ಲ. ಪ್ರತಿ ಜೋಡಣೆಯ ಫೋಟೋ ಇಟ್ಟಿದ್ದೇನೆ. ತೆಗೆಯುವುದು ಬೆಳಗ್ಗೆ ಅಲ್ಲ, ಸಂಜೆ ಮನೆಗೆ ಬಂದ ಮೇಲೆ. ಎಂಟು ಗಂಟೆ ಕೂತು ಎದ್ದ ಮೇಲೂ ನೆಟ್ಟಗಿದ್ದರೆ ಮಾತ್ರ ಅದು ಉಳಿಯುತ್ತದೆ.

ಒಂದು ಲಿನನ್ ಜಾಕೆಟ್ ಮಾತ್ರ ಇನ್ನೂ ಸತಾಯಿಸುತ್ತಿದೆ. ಎಂಟೂಮುಕ್ಕಾಲು ಇಂಚು, ಹಿಗ್ಗುವುದಿಲ್ಲ, ಟೀ ಶರ್ಟ್ ಬಿಟ್ಟರೆ ಏನೂ ಒಳಗೆ ಹೋಗುತ್ತಿಲ್ಲ. ಎಲಾಸ್ಟಿಕ್ ಹಾಕಿದ ಆ ಬಿಳಿ ಕಾಲರನ್ನು ನಾಳೆ ಅದರೊಳಗೆ ಹಾಕಿ ನೋಡುತ್ತೇನೆ.