ಮಳೆಗಾಲದಲ್ಲಿ, ಆಡದೇ ಉಳಿದ ಹಳೆಯ ವಿಡಿಯೋ ಗೇಮ್‌ಗಳ ಬಾಕಿ ತೀರಿಸುವವರಿಗೆ

ಮೊದಲು ಗಂಟೆಗಳ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 17 ವಾರ, ವಾರಕ್ಕೆ 4 ಗಂಟೆಯಾದರೆ 68 ಗಂಟೆ. ಕ್ರೋನೋ ಟ್ರಿಗರ್ (1995) ಎಂಬ ಆರ್‌ಪಿಜಿ (ಪಾತ್ರ ವಹಿಸಿ ಉದ್ದದ ಕಥೆಯಲ್ಲಿ ಸಾಗುವ ಗೇಮ್) ಒಂದೇ 20 ಗಂಟೆ ದಾಟುತ್ತದೆ, ಸೂಪರ್ ಮೆಟ್ರಾಯ್ಡ್ (1994) ಮೊದಲ ಸಲಕ್ಕೆ 8-10 ಗಂಟೆ. ಹಾಗಾಗಿ ಉದ್ದದ ಆರ್‌ಪಿಜಿ ಒಂದೇ ಸಾಕು. ಎರಡನ್ನು ಒಂದರ ಹಿಂದೊಂದು ಇಟ್ಟರೆ ಎರಡನೆಯದು ಅರ್ಧಕ್ಕೇ ನಿಲ್ಲುತ್ತದೆ.

ರೆಟ್ರೋಆರ್ಚ್‌ನಲ್ಲಿ (ಹಳೆಯ ಗೇಮ್‌ಗಳನ್ನು ಕಂಪ್ಯೂಟರ್, ಫೋನ್‌ಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಆಡುವವರು ಇದನ್ನು ಇವತ್ತೇ ನೋಡಿ. ಗೇಮ್ ಒಳಗಿನ ಸೇವ್ ಸಾಮಾನ್ಯವಾಗಿ ಡಿಸ್ಕ್‌ಗೆ ಇಳಿಯುವುದು ಗೇಮ್ ಮುಚ್ಚಿದಾಗ ಮಾತ್ರ. ನಡುವೆ ಕರೆಂಟ್ ಹೋದರೆ (ಮಲೆನಾಡಿನವರಿಗೆ ಹೇಳಬೇಕೇ!) ಸೇವ್ ಮಾಡಿದ್ದೂ ಹೋಯಿತು. ಸೆಟ್ಟಿಂಗ್ಸ್‌ನ ಸೇವಿಂಗ್ ವಿಭಾಗದಲ್ಲಿ 'ಸೇವ್‌ರ‍್ಯಾಮ್ ಆಟೋಸೇವ್ ಇಂಟರ್ವಲ್' ಅನ್ನು 10 ಸೆಕೆಂಡಿಗೆ ಇಡಿ.

ಸೇವ್ ಸ್ಟೇಟ್ (ಆ ಕ್ಷಣದ ಆಟವನ್ನು ಇದ್ದಂತೆಯೇ ರೆಟ್ರೋಆರ್ಚ್ ಉಳಿಸಿಡುವ ಫೈಲ್) ಒಂದನ್ನೇ ನಂಬಬೇಡಿ. ಕೋರ್ (ರೆಟ್ರೋಆರ್ಚ್‌ನೊಳಗೆ ಗೇಮ್ ಓಡಿಸುವ ಭಾಗ) ಅಪ್‌ಡೇಟ್ ಆದ ಮೇಲೆ ಹಳೆಯ ಸ್ಟೇಟ್ ತೆರೆಯದೇ ಹೋಗಬಹುದು. ಇನ್ನೊಂದು ಬಲೆಯೂ ಇದೆ: ಹಳೆಯ ಸ್ಟೇಟ್ ಲೋಡ್ ಮಾಡಿದರೆ ಅದರೊಳಗಿನ ಹಳೆಯ ಸೇವ್, ಹೊಸದರ ಮೇಲೆ ಬಂದು ಕೂರುತ್ತದೆ. ಅದೇ ವಿಭಾಗದಲ್ಲಿ ಇದನ್ನು ತಡೆಯುವ ಆಯ್ಕೆಯಿದೆ, ಆನ್ ಮಾಡಿ.

ಅಸಲಿ ಸೂಪರ್ ನಿಂಟೆಂಡೊ (ಈ ಎರಡು ಗೇಮ್‌ಗಳ ಮೂಲ ಯಂತ್ರ) ಕಾರ್ಟ್ರಿಜ್ ಇದ್ದವರು ಆರ್‌ಪಿಜಿ ಶುರುಮಾಡುವ ಮೊದಲು ಸೇವ್ ಮಾಡಿ, ಒಂದು ರಾತ್ರಿ ಆಫ್ ಇಟ್ಟು ಪರೀಕ್ಷಿಸಿ. ಸೇವ್ ಉಳಿಯದಿದ್ದರೆ ಸೇವ್ ಹಿಡಿದಿಡುವ ಒಳಗಿನ 3 ವೋಲ್ಟ್ ಸೆಲ್ ಸತ್ತಿರುವ ಸಾಧ್ಯತೆಯೇ ಹೆಚ್ಚು. ಅದು ಸಾಮಾನ್ಯವಾಗಿ ಸಿಆರ್2032 (ನಾಣ್ಯದಾಕಾರದ ಸೆಲ್), ಲೋಹದ ಟ್ಯಾಬ್ ಬೆಸೆದಿರುವುದನ್ನೇ ತನ್ನಿ. ಕಾರ್ಟ್ರಿಜ್ ಬಿಚ್ಚಲು 3.8 ಮಿ.ಮೀ. ಗೇಮ್‌ಬಿಟ್ (ಇಂಥ ಸ್ಕ್ರೂಗಳಿಗೆಂದೇ ಇರುವ ಸ್ಕ್ರೂಡ್ರೈವರ್ ತುದಿ) ಬೇಕು.

ಆಟ ನಿಲ್ಲಿಸುವಾಗ ಎಲ್ಲಿದ್ದೀರಿ, ಮುಂದೇನು ಎಂದು ಒಂದು ಸಾಲು ಬರೆದಿಡಿ. ಆ ಕಾಲದ ಹೆಚ್ಚಿನ ಗೇಮ್‌ಗಳು ಅದನ್ನು ನೆನಪಿಸುವುದಿಲ್ಲ.