ಸಿಇಎ ಏರಿದಾಗ ನಾನು ಮಾಡುವುದು

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದವರು ಫಾಲೋಅಪ್‌ಗೆ ಬಂದಾಗ ಅವರ ಫೈಲಿನಲ್ಲಿ ನಾನು ಮೊದಲು ಹುಡುಕುವುದು ಆಪರೇಷನ್‌ಗೆ ಮುಂಚಿನ ಸಿಇಎ ರಿಪೋರ್ಟು. 1965ರಲ್ಲಿ ಮಾಂಟ್ರಿಯಲ್‌ನಲ್ಲಿ ಗೋಲ್ಡ್ ಮತ್ತು ಫ್ರೀಡ್‌ಮನ್ ಗುರುತಿಸಿದ ಪ್ರೋಟೀನು ಇದು; ಈ ಕ್ಯಾನ್ಸರ್ ಇರುವ ಹಲವರ ರಕ್ತದಲ್ಲಿ ಏರುತ್ತದೆ. ಮುಂಚೆ ಹೆಚ್ಚಿದ್ದು, ಗಡ್ಡೆ ತೆಗೆದ ಆರು ವಾರದೊಳಗೆ ಇಳಿದಿದ್ದರೆ, ಮುಂದೆಯೂ ಆ ರೋಗಿಯಲ್ಲಿ ಅದನ್ನು ನಂಬಬಹುದು. ಇಳಿಯದಿದ್ದರೆ ರೋಗ ಎಲ್ಲೋ ಉಳಿದಿರಬಹುದೆಂದು ಆಗಲೇ ಹುಡುಕುತ್ತೇನೆ.

ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ರಕ್ತ ಕೊಡಲು ಹೇಳುತ್ತೇನೆ. ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ. ಒಮ್ಮೆ ಊರಿನ ಲ್ಯಾಬು, ಇನ್ನೊಮ್ಮೆ ಬೆಂಗಳೂರಿನದು ಎಂದಾದರೆ ಯಂತ್ರ ಬೇರೆ, ಅಂಕಿಯೂ ಬೇರೆ, ಹೋಲಿಸಲು ಬರುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಇಎ ತುಸು ಹೆಚ್ಚಿರುತ್ತದೆ, ಅದನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಒಬ್ಬ ತಾಯಿಯ ರಿಪೋರ್ಟಿನಲ್ಲಿ ಸಿಇಎ 2ರಿಂದ 4ಕ್ಕೆ ಬಂದಿತ್ತು. ಮಿತಿ 5 ಆದ್ದರಿಂದ ಲ್ಯಾಬಿನವರು ಯಾವ ಗುರುತೂ ಹಾಕಿರಲಿಲ್ಲ. ನನಗೆ ಮಿತಿಗಿಂತ ಏರಿಕೆಯೇ ಮುಖ್ಯ. ಒಂದು ತಿಂಗಳು ಬಿಟ್ಟು ಮತ್ತೆ ಮಾಡಿಸಿದಾಗ 7. "ನಂಗೇನೂ ನೋವಿಲ್ಲ ಡಾಕ್ಟ್ರೇ, ಊಟ ಸೇರ್ತದೆ" ಅಂದರು. ಸಿಟಿ ಸ್ಕ್ಯಾನಿನಲ್ಲಿ ಯಕೃತ್ತಿನಲ್ಲಿ ಒಂದೇ ಗಂಟು, ತೆಗೆಯಬಹುದಾದ ಜಾಗದಲ್ಲಿ. ತೆಗೆದೆವು. ನೋವು ಬರುವವರೆಗೆ ಕಾದಿದ್ದರೆ ಆ ಅವಕಾಶ ಕೈತಪ್ಪುತ್ತಿತ್ತೇನೋ. ಈ ಪರೀಕ್ಷೆಯ ಬಗ್ಗೆ ನನಗಿರುವ ಗೌರವವೆಲ್ಲ ಇಂಥವರಿಂದ ಬಂದದ್ದು. ಸಿಇಎ ಏರದೆಯೂ ರೋಗ ಮರುಕಳಿಸಬಹುದು, ಹಾಗಾಗಿ ಸ್ಕ್ಯಾನು, ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಬಿಡಿಸುವುದಿಲ್ಲ.

ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಹುಡುಕುವ ಹೊಸ ಪರೀಕ್ಷೆಯನ್ನೂ ಈಗ ಕೇಳುತ್ತಾರೆ. ಎರಡನೇ ಹಂತದ ಕರುಳಿನ ಕ್ಯಾನ್ಸರ್‌ನಲ್ಲಿ ಅದನ್ನು ನೋಡಿ ಕಿಮೋ ನಿರ್ಧರಿಸಿದಾಗ ಕಿಮೋ ಪಡೆದವರು ಶೇ 28ರಿಂದ 15ಕ್ಕೆ ಇಳಿದರು, ಎರಡು ವರ್ಷದ ಫಲಿತಾಂಶ ಕೆಡಲಿಲ್ಲ ಎಂದು 2022ರ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ನನಗೆ ಭರವಸೆಯಿದೆ. ಆದರೂ ದುಬಾರಿ, ಸಾಲ ಮಾಡಿ ಮಾಡಿಸಿ ಎಂದು ಯಾರಿಗೂ ಹೇಳಲಾರೆ.

ಅಂಡಾಶಯದ ಕ್ಯಾನ್ಸರ್‌ನಲ್ಲಿ ಮಾತ್ರ ನನ್ನ ಕ್ರಮ ಬೇರೆ. ಚಿಕಿತ್ಸೆ ಮುಗಿದ ಮೇಲೆ ರಕ್ತದಲ್ಲಿ ಸಿಎ-125 ಎಂಬ ಪ್ರೋಟೀನು ಏರಿದ ಕೂಡಲೇ, ತೊಂದರೆ ಕಾಣಿಸುವವರೆಗೆ ಕಾಯದೆ ಸುಮಾರು ಐದು ತಿಂಗಳು ಮೊದಲೇ ಕಿಮೋ ಶುರು ಮಾಡಿದರೂ ಆಯಸ್ಸು ಹೆಚ್ಚಲಿಲ್ಲ ಎಂದು 2010ರಲ್ಲೇ ತಿಳಿಯಿತು. ಆದ್ದರಿಂದ ಆ ಹೆಣ್ಣುಮಕ್ಕಳನ್ನು ಕೂರಿಸಿ ಇದನ್ನು ಬಿಡಿಸಿ ಹೇಳಿ, ಪರೀಕ್ಷೆ ಬೇಕೋ ಬೇಡವೋ ಎಂದು ಅವರನ್ನೇ ಕೇಳುತ್ತೇನೆ. ಬೇಡ ಎಂದವರಿಗೆ ರಕ್ತ ತೆಗೆಸುವುದಿಲ್ಲ. ಹೊಟ್ಟೆ ಉಬ್ಬರಿಸಿದರೆ, ಊಟ ಸೇರದಿದ್ದರೆ ತಡಮಾಡದೆ ಬನ್ನಿ ಎಂದು ಹೇಳಿ ಕಳಿಸುತ್ತೇನೆ.