ಹದಿನೈದು ದಾಟಿದ ಕಾರು: ಗುಜರಿಗೆ ಕೊಡುವುದು ಹೇಗೆ?

ಮೈಸೂರಿನ ಕೆಎ 09, ಕೆಎ 55 ಅಥವಾ ಮಂಡ್ಯದ ಕೆಎ 11 ನಂಬರಿನ ಹಳೇ ಕಾರೊಂದು ನಿಮ್ಮ ಮನೆ ಮುಂದೆ ನಿಂತಿದ್ದರೆ, ಮೊದಲು ಆರ್‌ಸಿ ತೆಗೆದು ನೋಂದಣಿ ದಿನಾಂಕ ನೋಡಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣ ಮಾಡಿಸದೆ ಅದನ್ನು ರಸ್ತೆಗೆ ಇಳಿಸುವುದು ತಪ್ಪು. ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರುತ್ತದೆ.

ಹಾಗಂತ ಗಾಬರಿ ಬೇಡ. ‘15 ವರ್ಷ ಆದರೆ ಸರ್ಕಾರವೇ ಬಂದು ಕಾರು ಎತ್ತಿಕೊಂಡು ಹೋಗುತ್ತೆ’ ಅನ್ನುವ ಮಾತು ನಮ್ಮ ಕಡೆ ಜೋರಾಗಿ ಓಡಾಡುತ್ತಿದೆ. ಅದರ ಮೂಲ ದೆಹಲಿ. ಅಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳನ್ನು ಹಸಿರು ನ್ಯಾಯಮಂಡಳಿ 2014–15ರಲ್ಲಿ ನಿರ್ಬಂಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಆದೇಶ ಮೈಸೂರು, ಮಂಡ್ಯಕ್ಕೆ ಅನ್ವಯಿಸುವುದಿಲ್ಲ. ನಮಗಿರುವುದು 2021ರ ಆಗಸ್ಟ್ 13ರಂದು ಪ್ರಧಾನಿ ಚಾಲನೆ ಕೊಟ್ಟ ಗುಜರಿ ನೀತಿ. ಅದರಲ್ಲಿ ಸ್ವಂತ ಕಾರಿನ ವಯಸ್ಸಿಗಿಂತ ಫಿಟ್‌ನೆಸ್ ಮುಖ್ಯ. ಕಾರು ಓಡಿಸಲು ಯೋಗ್ಯವೇ ಎಂದು ನೋಡುವ ಈ ಪರೀಕ್ಷೆಯಲ್ಲಿ ಪಾಸಾದರೆ ಮತ್ತೆ 5 ವರ್ಷ ಓಡಿಸಬಹುದು. ಬರೀ ವಯಸ್ಸಿನ ಮೇಲೆ ಸರ್ಕಾರ ಕಡ್ಡಾಯವಾಗಿ ಕೈಬಿಟ್ಟಿರುವುದು ತನ್ನದೇ ವಾಹನಗಳನ್ನು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿದೆ.

ಆದ್ದರಿಂದ ನಿರ್ಧಾರ ನಿಮ್ಮದೇ. ಅದನ್ನು ತೆಗೆದುಕೊಳ್ಳುವ ಕ್ರಮ ಹೀಗಿದೆ.

ಮೊದಲು ಕಾರನ್ನೇ ನೋಡಿ

ಬಣ್ಣ ನೋಡಬೇಡಿ. ಟಿಂಕರಿಂಗ್, ಪೇಂಟಿಂಗ್ ಮಾಡಿಸಿದರೆ ಯಾವ ಕಾರೂ ಫಳಫಳ ಹೊಳೆಯುತ್ತದೆ. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ, ಕೆಳಗಿನ ಕಾರ್ಪೆಟ್ಟನ್ನೂ ಸರಿಸಿ. ತಗಡಿನ ಮೇಲೆ ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿ. ಗಟ್ಟಿಯಾಗಿ ನಿಂತರೆ ಸರಿ. ಕಂದು ಪುಡಿ ಉದುರಿದರೆ, ತಗಡು ಮೆತ್ತಗೆ ಒಳಗೆ ಹೋದರೆ ನೆಲ ತುಕ್ಕು ಹಿಡಿದಿದೆ ಎಂದರ್ಥ. ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ, ಜಾಕ್ ಕೊಡುವ ಜಾಗ, ಸಸ್ಪೆನ್ಷನ್ ಬಂದು ಕೂರುವ ಜಾಗ, ಇವನ್ನೂ ಹೀಗೇ ನೋಡಿ. ಡಿಕ್ಕಿಯಾದಾಗ ಹೊಡೆತ ತಡೆಯಬೇಕಾದದ್ದು ಇವೇ. ಇವು ಕೊಳೆತಿದ್ದರೆ ಮೇಲಿನ ಎಷ್ಟೇ ಒಳ್ಳೆಯ ಪೇಂಟೂ ನಿಮ್ಮನ್ನು ಕಾಯುವುದಿಲ್ಲ.

ಸೀಟ್ ಬೆಲ್ಟನ್ನು ಜೋರಾಗಿ ಜಗ್ಗಿ. ತಟ್ಟನೆ ಲಾಕ್ ಆಗಬೇಕು. ಅಂಚು ಎಳೆ ಬಿಟ್ಟಿದ್ದರೆ ಬೆಲ್ಟ್ ಬದಲಿಸಲೇಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಎಂದಿದ್ದರೆ 2016ನೇ ಇಸವಿಯ 23ನೇ ವಾರ ತಯಾರಾದದ್ದು. ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆಗೆ ಹೋಗಿ ಬರುವ ಕಾರಿನ ಟೈರಿನಲ್ಲಿ ಗುಂಡಿ (ಗ್ರಿಪ್) ಇನ್ನೂ ಚೆನ್ನಾಗಿ ಉಳಿದಿರುತ್ತದೆ, ರಬ್ಬರು ಮಾತ್ರ ಒಣಗಿ ಬಿರುಕು ಬಿಟ್ಟಿರುತ್ತದೆ. ಅದೇ ಟೈರಿನಲ್ಲಿ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತಿ 100ರ ವೇಗದಲ್ಲಿ ಹೋಗುವುದು ಜೀವದ ಜೊತೆ ಆಟ.

ಮಂಡ್ಯದವರು ಹೆಡ್‌ಲೈಟನ್ನೂ ನೋಡಿ. ಗಾಜು ಹಳದಿಗಟ್ಟಿದ್ದರೆ ಬೆಳಕು ಅರ್ಧಕ್ಕರ್ಧ ಒಳಗೇ ಉಳಿಯುತ್ತದೆ. 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರ್, ಆಟೊ, ಬೈಕುಗಳು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬರುವಂತಿಲ್ಲ. ಅವೆಲ್ಲ ಸರ್ವೀಸ್ ರಸ್ತೆಯಲ್ಲಿವೆ. ಕಬ್ಬು ಕಡಿಯುವ ಕಾಲದಲ್ಲಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರೇಲರ್ ಮುಸ್ಸಂಜೆಯಲ್ಲಿ ಕಣ್ಣಿಗೆ ಬೀಳುವುದು ನಿಮ್ಮ ಲೈಟು ಸರಿ ಇದ್ದರೆ ಮಾತ್ರ.

ರಿಪೇರಿಯಿಂದ ಬಾರದ ಸಂಗತಿಯೂ ಒಂದಿದೆ. ನಮ್ಮ ದೇಶದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಪಕ್ಕದ ಸೀಟಿನ ಏರ್‌ಬ್ಯಾಗ್ ಬಂದದ್ದು ಅದಕ್ಕೂ ಆಮೇಲೆ. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್, ಡಿಕ್ಕಿ ಪರೀಕ್ಷೆಯ ನಿಯಮ, ಎರಡೂ ಎಲ್ಲ ಕಾರಿಗೂ ಬಂದದ್ದು 2019ರಲ್ಲೇ. 2010ರ ಸುಮಾರಿನ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಇವು ಯಾವುದೂ ಇಲ್ಲ. ಗ್ಯಾರೇಜಿನಲ್ಲಿ ಹಾಕಿಸಿಕೊಳ್ಳಲೂ ಆಗುವುದಿಲ್ಲ. ಮನೆಯಲ್ಲಿ ಹೊಸದಾಗಿ ಲೈಸೆನ್ಸ್ ಪಡೆದ ಮಕ್ಕಳಿಗೆ ‘ಕಲಿಯಲಿ, ಇದೇ ಸಾಕು’ ಎಂದು ಹಳೇ ಕಾರು ಕೊಡುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಅನುಭವ ಕಡಿಮೆ ಇರುವವರಿಗೇ ರಕ್ಷಣೆ ಜಾಸ್ತಿ ಬೇಕು.

ಉಳಿಸಿಕೊಳ್ಳುವುದಾದರೆ

ನವೀಕರಣಕ್ಕೆ ಫಾರಂ 25. ಅವಧಿ ಮುಗಿಯುವ ಮುಂಚಿನ 60 ದಿನಗಳಲ್ಲಿ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ವಿಮೆ ಮತ್ತು ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು. ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ₹5,000ಕ್ಕೆ ಏರಿಸಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ₹10,000 ಮಾಡಿತು. ತಡ ಮಾಡಿದರೆ ತಿಂಗಳಿಗೆ ₹500 ದಂಡ. ಹಸಿರು ತೆರಿಗೆ ಬೇರೆ. ಇದರ ಮೇಲೆ ಟೈರು, ಬ್ರೇಕು, ಸಸ್ಪೆನ್ಷನ್ ಖರ್ಚು ಸೇರಿಸಿ ಲೆಕ್ಕ ಹಾಕಿ. ಗಟ್ಟಿ ಇರುವ ಕಾರಿಗೆ ಈ ಹಣ ಹಾಕಬಹುದು. ತುಕ್ಕು ಹಿಡಿದ ಕಾರಿಗೆ ಹಾಕುವುದು ಸುಮ್ನೆ ದಂಡ.

ದಸರಾ ಸಮಯದಲ್ಲಿ ನಿಂತು ನೋಡುವಂಥ ಹಳೇ ಕಾರು ಇಟ್ಟವರಿಗೂ ದಾರಿ ಇದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿ ಪ್ರತ್ಯೇಕವಾಗಿದೆ. ಆದರೆ ಅವನ್ನು ದಿನನಿತ್ಯ ಓಡಿಸುವಂತಿಲ್ಲ.

ಕೊಡುವುದಾದರೆ, ಬೀದಿ ಗುಜರಿಗೆ ಬೇಡ

ಜನ ಜಾಸ್ತಿ ಎಡವುವುದು ಇಲ್ಲೇ. ಗುಜರಿಯವರು ಮನೆಗೇ ಬರುತ್ತಾರೆ, ಕೈಗೆ ನೋಟು ಕೊಡುತ್ತಾರೆ, ಸಂಜೆಯೊಳಗೆ ಕಾರು ಹೋಗಿಬಿಡುತ್ತದೆ. ಆರ್‌ಟಿಒ ದಾಖಲೆಯಲ್ಲಿ ಮಾತ್ರ ಅದು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ನೀವು ಕೊಟ್ಟ ಕಾರನ್ನು ಅವರು ಒಡೆದರೋ, ಓಡುವ ಸ್ಥಿತಿಯಲ್ಲಿದೆ ಎಂದು ಇನ್ನೊಬ್ಬರಿಗೆ ದಾಟಿಸಿದರೋ, ನಂಬರ್ ಪ್ಲೇಟು ಕಳ್ಳ ಗಾಡಿಗೆ ಹೋಯಿತೋ, ನಿಮಗೆ ಗೊತ್ತಾಗುವುದೇ ಇಲ್ಲ. ಮಾರಿದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಎರಡು ಮೂರು ಸಾವಿರ ಹೆಚ್ಚು ಸಿಗುತ್ತದೆ ಎಂದು ಇಂಥ ಹೊಣೆ ಹೊತ್ತುಕೊಳ್ಳಬೇಕಾ?

ಸರಿಯಾದ ಜಾಗ ಅಂದರೆ ನೋಂದಾಯಿತ ವಾಹನ ಗುಜರಿ ಕೇಂದ್ರ. ಇವುಗಳಿಗೆ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿದೆ. ಎಣ್ಣೆ, ಬ್ಯಾಟರಿ ಆ್ಯಸಿಡ್, ಎಸಿ ಗ್ಯಾಸ್ ಮಣ್ಣಿಗೋ ಗಾಳಿಗೋ ಸೇರದಂತೆ ಬೇರೆ ಮಾಡಿ ತೆಗೆಯಬೇಕು. ಬಂದ ಕಾರು ಕಳವಿನದ್ದಲ್ಲ ಎಂದು ಪೊಲೀಸ್ ದಾಖಲೆಯಲ್ಲಿ ನೋಡಬೇಕು. ಕರ್ನಾಟಕದಲ್ಲಿ ಯಾವ ಕೇಂದ್ರಗಳಿವೆ ಎಂಬುದು ಪರಿವಾಹನ್‌ನ ವಾಹನ ಗುಜರಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಅರ್ಜಿಯನ್ನೂ ಅಲ್ಲೇ ಹಾಕಬಹುದು.

ಅರ್ಜಿಗೆ ಮುಂಚೆ ಆರ್‌ಸಿ ಮೇಲಿನ ಬಾಕಿ ತೀರಿಸಿ. ಹಳೇ ಸಾಲ ಎಂದೋ ಮುಗಿದಿದ್ದರೂ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಹಾಗೇ ಇರುವುದು ತುಂಬಾ ಸಾಮಾನ್ಯ. ಸಾಲ ತೀರಿದೆ, ಆಕ್ಷೇಪವಿಲ್ಲ ಎಂಬ ಪತ್ರವನ್ನು (ಎನ್‌ಒಸಿ) ಬ್ಯಾಂಕಿನಿಂದ ತಂದು ಆ ಹೆಸರು ತೆಗೆಸಿ. ಟ್ರಾಫಿಕ್ ದಂಡ, ತೆರಿಗೆ ಬಾಕಿ ಕಟ್ಟಿ. ಕಾರು ತೀರಿಹೋದ ತಂದೆ ಅಥವಾ ತಾತನ ಹೆಸರಿನಲ್ಲಿದ್ದರೆ, ವಾರಸುದಾರರ ಹೆಸರಿಗೆ ಮಾಡಿಸದೆ ಮುಂದಿನ ಹೆಜ್ಜೆ ಸುಲಭವಲ್ಲ. ಈ ಕೆಲಸಕ್ಕೆ ಓಡಾಟ ಬೇಕು, ಮೊದಲೇ ಶುರು ಮಾಡಿ.

ಕೇಂದ್ರದವರ ಜೊತೆ ಮಾತಾಡುವಾಗ ಎರಡು ಪ್ರಶ್ನೆ ಬಿಡಬೇಡಿ. ಕಾರು ಎಳೆದುಕೊಂಡು ಹೋಗುವ ಖರ್ಚು ಯಾರದ್ದು? ಬೆಲೆ ತೂಕದ ಮೇಲೋ, ಒಟ್ಟಾರೆಯೋ? ಹೊಸ ಕಾರಿನ ಶೋರೂಂ ಬೆಲೆಯ ಶೇ 4ರಿಂದ 6ರಷ್ಟು ಗುಜರಿ ಮೌಲ್ಯ ಎಂದು ನೀತಿಯಲ್ಲಿ ಅಂದಾಜು ಮಾಡಲಾಗಿತ್ತು. ಕೈಗೆ ಎಷ್ಟು ಬರುತ್ತದೆ ಎಂಬುದು ಕಬ್ಬಿಣದ ಬೆಲೆ ಮತ್ತು ಕಾರಿನ ಸ್ಥಿತಿಯ ಮೇಲೆ. ಎರಡು ಮೂರು ಕೇಂದ್ರಗಳಲ್ಲಿ ವಿಚಾರಿಸುವುದು ಒಳ್ಳೆಯದು.

ಎರಡು ಕಾಗದ

ಕಾರು ಒಪ್ಪಿಸಿದಾಗ ಠೇವಣಿ ಪ್ರಮಾಣಪತ್ರ, ಅಂದರೆ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಕೊಡುತ್ತಾರೆ. ಕಾರು ಒಡೆದಾದ ಮೇಲೆ ಗುಜರಿ ಪ್ರಮಾಣಪತ್ರ ಬರುತ್ತದೆ. ಎರಡೂ ಬೇರೆ ಬೇರೆ, ಎರಡೂ ಬೇಕು.

ಮೊದಲನೆಯದಕ್ಕೆ ಬೆಲೆ ಇದೆ. ಅದನ್ನು ತೋರಿಸಿದರೆ ಹೊಸ ವಾಹನದ ನೋಂದಣಿ ಶುಲ್ಕ ಇಲ್ಲ. ಸ್ವಂತ ಬಳಕೆಯ ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಈಗ ಎಷ್ಟು ಸಿಗುತ್ತದೆ ಎಂಬುದನ್ನು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಆಮೇಲೆ ಶೋರೂಂನಲ್ಲಿ ಮುಂಗಡ ಕಟ್ಟಿ. ಕೆಲವು ಕಂಪನಿಗಳು ತಮ್ಮ ಕಡೆಯಿಂದಲೂ ರಿಯಾಯಿತಿ ಕೊಡುತ್ತವೆ. ಆದರೆ ಅದನ್ನು ತಾವಾಗಿ ಹೇಳುವ ಸೇಲ್ಸ್‌ನವರು ಕಡಿಮೆ, ನೀವೇ ಕೇಳಬೇಕು. ಹೊಸ ಕಾರು ಬೇಡ ಅನ್ನುವವರು ಈ ಪತ್ರವನ್ನು ಬೇರೆಯವರಿಗೆ ಮಾರಬಹುದು, ನಿಯಮವೇ ಒಪ್ಪುತ್ತದೆ.

ಎರಡನೆಯ ಪತ್ರ ಬಂದ ಮೇಲೆ ಪರಿವಾಹನ್‌ನಲ್ಲಿ ನಿಮ್ಮ ಹಳೇ ನಂಬರ್ ಹಾಕಿ ನೋಡಿ. ನೋಂದಣಿ ರದ್ದಾಗಿದೆ ಎಂದು ತೋರಿಸಬೇಕು. ತೋರಿಸದಿದ್ದರೆ ಪತ್ರ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ, ಸರಿಯಾಗುವವರೆಗೆ ಬಿಡಬೇಡಿ.

ಆಮೇಲೆ ವಿಮೆ ಕಂಪನಿಗೆ ತಿಳಿಸಿ ಪಾಲಿಸಿ ಮುಚ್ಚಿಸಿ. ಕ್ಲೇಮ್ ಮಾಡದೆ ಗಳಿಸಿದ ಬೋನಸ್ ಇದ್ದರೆ ಅದಕ್ಕೆ ಪತ್ರ ಬರೆಸಿಕೊಳ್ಳಿ. ಮೂರು ವರ್ಷದೊಳಗೆ ಕೊಳ್ಳುವ ಕಾರಿಗೆ ಆ ರಿಯಾಯಿತಿ ಬರುತ್ತದೆ. ಗಾಜಿನ ಮೇಲಿನ ಫಾಸ್ಟ್ಯಾಗನ್ನು ಕಾರು ಕೊಡುವ ಮುಂಚೆಯೇ ಕಿತ್ತು, ಅದನ್ನು ಕೊಟ್ಟ ಬ್ಯಾಂಕಿಗೆ ಹೇಳಿ ಖಾತೆ ಮುಚ್ಚಿಸಿ. ಅದರಲ್ಲಿ ಉಳಿದ ಹಣ ಮತ್ತು ಠೇವಣಿ ವಾಪಸ್ ಕೇಳಿ ಪಡೆದುಕೊಳ್ಳಿ.